ಮೂರು ಪ್ರತಿ, ಒಬ್ಬನೇ ಓದುಗ

ಪುಸ್ತಕ ಬಿಡುಗಡೆಯ ಸಮಾರಂಭವೊಂದರಲ್ಲಿ ಹಿರಿಯ ವಿದ್ವಾಂಸರೊಬ್ಬರು ಈಚೆಗೆ ಆಡಿದ ಮಾತು ಸಭೆಯಲ್ಲಿ ದೊಡ್ಡ ನಗೆ ಎಬ್ಬಿಸಿತು. 'ಹಿಂದೆ ಹತ್ತು ಊರಿಗೆ ಒಬ್ಬ ಡಾಕ್ಟರ್ ಇರಲಿಲ್ಲ. ಈಗ ಬೀದಿಗೊಬ್ಬ ಡಾಕ್ಟರ್. ಆದರೆ ಜ್ವರ ಬಂದರೆ ಇವರಲ್ಲಿ ಒಬ್ಬರೂ ಉಪಯೋಗಕ್ಕೆ ಬರುವುದಿಲ್ಲ' ಎಂದರು. ಮುಂದುವರಿದು, ಇಂದಿನ ಮಹಾಪ್ರಬಂಧಗಳನ್ನು ಓದಿ ಅಳೆಯುವ ಅಗತ್ಯವಿಲ್ಲ, ತೂಕಕ್ಕೆ ಹಾಕಿದರೆ ಸಾಕು, ಅವೆಲ್ಲ ಡಿ.ಟಿ.ಪಿ. ಅಂಗಡಿಗಳಲ್ಲಿ ಹುಟ್ಟಿ ಗ್ರಂಥಾಲಯದ ಕಪಾಟಿನಲ್ಲಿ ಸಾಯುತ್ತವೆ ಎಂದರು. ನಕ್ಕವರ ನಡುವೆ ನಾವೂ ಇದ್ದೆವು. ನಾವೂ ನಕ್ಕೆವು. ಮನೆಗೆ ಬಂದು ಕಪಾಟಿನ ಮೇಲಿದ್ದ ನಮ್ಮ ರೆಕ್ಸಿನ್ ಬೈಂಡಿನ ಹೊತ್ತಗೆಯನ್ನು ನೋಡಿದಾಗ ಮಾತ್ರ ನಗು ಬರಲಿಲ್ಲ.

ನಾವು ಎಂದರೆ ಮೂವರು. ಒಂದೇ ಹಾಸ್ಟೆಲ್ ಕೋಣೆಯಲ್ಲಿ ಮೂರು ಕಬ್ಬಿಣದ ಮಂಚ ಹಾಕಿಕೊಂಡು ಸಂಶೋಧನೆ ಮಾಡಿದ ಹೆಂಗಸರು. ಒಬ್ಬಳು ಕರಾವಳಿಯ ಬ್ಯಾರಿ ಮನೆಯವಳು, ಒಬ್ಬಳು ರಾಯಚೂರು ಕಡೆಯ ದಲಿತ ಕೇರಿಯವಳು, ಇನ್ನೊಬ್ಬಳು ಮಗ್ಗದ ಮನೆಯ ಮಗಳು. ನಮ್ಮ ಮೂರೂ ಮನೆಗಳಲ್ಲಿ ನಮಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಹಿರಿಯರ ಆ ಮಾತಿಗೆ ಉತ್ತರ ಕೊಡಲೇಬೇಕು ಎಂದು ನಮಗೆ ಅನ್ನಿಸಿದ್ದು ಅವರ ಮಾತು ಸುಳ್ಳು ಎಂಬ ಕಾರಣಕ್ಕಲ್ಲ. ಅದು ಅರ್ಧ ನಿಜ ಎಂಬ ಕಾರಣಕ್ಕೆ. ಇಂದು ಬರುತ್ತಿರುವ ಪ್ರಬಂಧಗಳಲ್ಲಿ ಹೆಚ್ಚಿನವು ಕಳಪೆ ಎಂಬುದನ್ನು ನಾವು ಒಪ್ಪುತ್ತೇವೆ. ನಮ್ಮದರಲ್ಲೂ ಕಳಪೆ ಅಧ್ಯಾಯಗಳಿವೆ, ಯಾವುವು ಎಂದು ಬೇಕಾದರೆ ಬೆರಳಿಟ್ಟು ತೋರಿಸಬಲ್ಲೆವು. ಆದರೆ ಅವು ಹೇಗೆ ಕಳಪೆಯಾದವು ಎಂದು ಆ ವೇದಿಕೆಯ ಮೇಲಿದ್ದ ಯಾರೂ ಕೇಳಲಿಲ್ಲ. ಅಲ್ಲಿದ್ದ ಐವರಲ್ಲಿ ನಾಲ್ವರು ತಮ್ಮ ಜೀವಮಾನದಲ್ಲಿ ಹತ್ತಾರು ಪ್ರಬಂಧಗಳಿಗೆ ಮಾರ್ಗದರ್ಶಕರೆಂದು ಸಹಿ ಹಾಕಿದವರು.

ವಿಷಯ ಆಯ್ಕೆಯಿಂದಲೇ ಶುರು ಮಾಡೋಣ. ಆಯ್ಕೆ ಎಂಬ ಶಬ್ದವನ್ನು ಅರ್ಜಿಯಲ್ಲಿ ಮುದ್ರಿಸಿರುತ್ತಾರೆ. ನಮ್ಮಲ್ಲಿ ಬ್ಯಾರಿ ಮನೆಯವಳಿಗೆ ಕುಮಾರವ್ಯಾಸನ ರೂಪಕಗಳ ಮೇಲೆ ಕೆಲಸ ಮಾಡಬೇಕೆಂದು ಆಸೆಯಿತ್ತು. ಎಂ.ಎ. ತರಗತಿಯಲ್ಲಿ ಅವಳು ಅವನ ಭಾಮಿನಿಗಳನ್ನು ಬಾಯಿಪಾಠ ಹೇಳುತ್ತಿದ್ದುದನ್ನು ಕೇಳಿದ ಅಧ್ಯಾಪಕರೇ, 'ಅದು ನಿಮಗೇಕಮ್ಮಾ? ಅದರ ಮೇಲೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮವರ ಹಾಡುಗಳ ಮೇಲೆ ಯಾರೂ ಮಾಡಿಲ್ಲ, ಅದನ್ನು ಮಾಡಿ' ಎಂದರು. ರಾಯಚೂರಿನವಳು ವಡ್ಡಾರಾಧನೆಯ ಗದ್ಯದ ಮೇಲೆ ಸಾರಲೇಖ ಬರೆದುಕೊಂಡು ಹೋದಳು. ದಲಿತ ಆತ್ಮಕಥನಗಳನ್ನು ಹೊತ್ತುಕೊಂಡು ಹಿಂದೆ ಬಂದಳು. ಮೂರನೆಯವಳಿಗೆ ಯಾವ ಹಣೆಪಟ್ಟಿಯೂ ಸುಲಭವಾಗಿ ಹೊಂದದೆ ಹೋದುದರಿಂದ ಮಹಿಳಾ ಸಂವೇದನೆಯನ್ನು ದಯಪಾಲಿಸಲಾಯಿತು. ಅಂದರೆ ಮುಸ್ಲಿಮ್ ಹುಡುಗಿ ಮುಸ್ಲಿಮರನ್ನು ಬರೆಯಬೇಕು, ದಲಿತೆ ದಲಿತರನ್ನು, ಹೆಂಗಸು ಹೆಂಗಸರನ್ನು. ಪಂಪ, ರನ್ನ, ಕುಮಾರವ್ಯಾಸರು ಯಾರ ಪಿತ್ರಾರ್ಜಿತ ಆಸ್ತಿ ಎಂಬುದನ್ನು ಯಾವ ನಿಯಮಾವಳಿಯೂ ಬರೆದಿಟ್ಟಿಲ್ಲ. ಬರೆಯದೆಯೇ ಎಲ್ಲರಿಗೂ ಗೊತ್ತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ಎಲ್ಲರಂತೆ ನಾವೂ ಹಿಗ್ಗಿದೆವು. ಜೊತೆಗೇ, ಇನ್ನು ಮುಂದೆ ಕನ್ನಡ ವಿಭಾಗಕ್ಕೆ ಬರುವ ಪ್ರತಿಯೊಬ್ಬ ಮುಸ್ಲಿಮ್ ವಿದ್ಯಾರ್ಥಿನಿಯ ಕೈಗೂ ಬಾನು ಅವರನ್ನೇ ಇಟ್ಟು ಕಳಿಸುತ್ತಾರಲ್ಲ ಎಂಬ ಭಯವೂ ಆಯಿತು. ಬಾನು ಅವರ ಮೇಲೆ ಬ್ರಾಹ್ಮಣ ಹುಡುಗನೊಬ್ಬನಿಗೂ ಪ್ರಬಂಧ ಬರೆಯಲು ಯಾರಾದರೂ ಹೇಳಿದರೆ ನಮಗೆ ತಿಳಿಸಿ.

ಕೊಟ್ಟ ವಿಷಯ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಮದರಂಗಿಯ ರಾತ್ರಿ ಹಾಡುತ್ತಿದ್ದ ಮುದುಕಿಯರ ಮುಂದೆ ಹೋಗಿ ಕೂತಾಗ ಕುಮಾರವ್ಯಾಸ ತಪ್ಪಿಹೋದ ದುಃಖವೂ ಮರೆತುಹೋಯಿತು. ಮೂವರೂ ಒಟ್ಟಿಗೆ ಹೋಗಿ ಹಾಡು ಬರೆದುಕೊಂಡ ದಿನಗಳಿದ್ದವು. ವಿಷಯ ಯಾವುದಾದರೇನು, ಬರೆಯಲು ಗೊತ್ತಿರಬೇಕು, ಬರೆದದ್ದನ್ನು ತಿದ್ದಲು ಗೊತ್ತಿರಬೇಕು. ಅದನ್ನು ನಮಗೆ ಯಾರೂ ಕಲಿಸಲಿಲ್ಲ. ನಮ್ಮ ನಿಜವಾದ ದೂರು ಇರುವುದು ಇಲ್ಲಿ.

ಕೋರ್ಸ್‌ವರ್ಕ್ ಎಂಬ ಆರು ತಿಂಗಳ ಪಾಠದಲ್ಲಿ ಸಂಶೋಧನಾ ವಿಧಾನ ಎಂಬ ಪತ್ರಿಕೆಯಿತ್ತು. ಪ್ರಾಕ್ಕಲ್ಪನೆ ಎಂದರೇನು, ಪ್ರಶ್ನಾವಳಿಯ ವಿಧಗಳೆಷ್ಟು, ಗ್ರಂಥಸೂಚಿಯಲ್ಲಿ ಅಲ್ಪವಿರಾಮ ಎಲ್ಲಿ ಬರಬೇಕು ಎಂದೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಬರೆದೆವು. ಒಂದು ಅಧ್ಯಾಯವನ್ನು ಬರೆದು, ಅದು ನಿಲ್ಲುತ್ತದೆಯೋ ಬೀಳುತ್ತದೆಯೋ ಎಂದು ನೋಡಿ, ಒಡೆದು, ಮತ್ತೆ ಕಟ್ಟುವುದು ಹೇಗೆ ಎಂದು ಒಂದು ಗಂಟೆಯ ಪಾಠವೂ ಆಗಲಿಲ್ಲ. ಹಾಗಾಗಿ ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ಗ್ರಂಥಾಲಯಕ್ಕೆ ಹೋಗಿ ಹಳೆಯ ಪ್ರಬಂಧಗಳನ್ನು ಇಳಿಸಿಕೊಂಡೆವು. ಮೊದಲ ಅಧ್ಯಾಯ ಅಧ್ಯಯನದ ವ್ಯಾಪ್ತಿ, ಉದ್ದೇಶ, ವಿಧಾನ. ಎರಡನೆಯದು ಇತಿಹಾಸ. ಮುಸ್ಲಿಮರ ಮೇಲಿನ ಪ್ರಬಂಧವಾದರೆ ಆ ಇತಿಹಾಸ ಅರೇಬಿಯಾದ ಮರಳುಗಾಡಿನಿಂದಲೇ ಹೊರಡಬೇಕು. ಮಂಗಳೂರು ತಲುಪುವ ಹೊತ್ತಿಗೆ ಎಪ್ಪತ್ತು ಪುಟ ಮುಗಿದಿರುತ್ತದೆ. ನಮಗಿಂತ ಮೊದಲಿನವರು ಅವರಿಗಿಂತ ಮೊದಲಿನವರಿಂದ ಎತ್ತಿಕೊಂಡಿದ್ದ ಅದೇ ಎಪ್ಪತ್ತು ಪುಟ. ಎಲ್ಲೋ ಒಬ್ಬರು ಇಸವಿಯೊಂದನ್ನು ತಪ್ಪಾಗಿ ಬರೆದಿದ್ದರು. ಆ ತಪ್ಪು ನಾಲ್ಕು ಪ್ರಬಂಧಗಳಲ್ಲಿ ವಂಶಪಾರಂಪರ್ಯವಾಗಿ ಇಳಿದು ಬಂದಿರುವುದನ್ನು ನಾವು ಕಣ್ಣಾರೆ ಕಂಡೆವು. ಕಂಡ ಮೇಲೂ ನಮ್ಮ ಎರಡನೆಯ ಅಧ್ಯಾಯವನ್ನು ಹಾಗೆಯೇ ಬರೆದೆವು. ಇಸವಿಯನ್ನು ಮಾತ್ರ ಸರಿಪಡಿಸಿದೆವು. ಈ ತಪ್ಪಿಗೆ ಬೇರೆಯವರನ್ನು ದೂರುವುದಿಲ್ಲ.

ಮೊದಲ ಕರಡು ಸಿದ್ಧವಾದಾಗ 312 ಪುಟ. ಅದನ್ನು ಸ್ಪೈರಲ್ ಬೈಂಡ್ ಮಾಡಿಸಿ, ಮಾರ್ಗದರ್ಶಕರ ಮೇಜಿನ ಮೇಲಿಟ್ಟು ಬಂದೆವು. ತಿಂಗಳಾಯಿತು, ಎರಡು ತಿಂಗಳಾಯಿತು. ಕಾರಿಡಾರಿನಲ್ಲಿ ಎದುರಾದಾಗ 'ಸರ್, ನೋಡಿದಿರಾ?' ಎಂದು ಕೇಳುವ ಧೈರ್ಯ ಯಾರಿಗೆ? 'ನೋಡ್ತಿದ್ದೀನಿ, ಸ್ವಲ್ಪ ಮೌಲ್ಯಮಾಪನದ ಒತ್ತಡ' ಎನ್ನುತ್ತಿದ್ದರು. ಹನ್ನೊಂದನೆಯ ತಿಂಗಳಲ್ಲಿ ಕರಡು ಹಿಂದಿರುಗಿತು. ಮೊದಲ ಆರು ಪುಟಗಳಲ್ಲಿ ಹ್ರಸ್ವ ದೀರ್ಘಗಳನ್ನು ಕೆಂಪು ಶಾಯಿಯಲ್ಲಿ ತಿದ್ದಲಾಗಿತ್ತು. ಅಲ್ಪಪ್ರಾಣ ಮಹಾಪ್ರಾಣಗಳಿಗೆ ಒಂದೆರಡು ಬೈಗುಳಗಳೂ ಇದ್ದವು. ಏಳನೆಯ ಪುಟದಿಂದ 312ರವರೆಗೆ ಕಾಗದ ಹೊಸದಾಗಿಯೇ ಇತ್ತು, ಮಡಿಕೆಯೂ ಬಿದ್ದಿರಲಿಲ್ಲ. ಕೊನೆಯ ಪುಟದ ಕೆಳಗೆ ಒಂದೇ ವಾಕ್ಯ: 'ಪುಟ ಸಾಲದು.'

ಆ ಮಾರ್ಗದರ್ಶಕರು ಕೆಟ್ಟವರಲ್ಲ. ಒಮ್ಮೆ ನಮ್ಮಲ್ಲೊಬ್ಬಳ ಶುಲ್ಕವನ್ನು ಅವರೇ ಕಟ್ಟಿದ್ದುಂಟು. ಅವರ ಕೈಕೆಳಗೆ ಎಷ್ಟು ಜನರಿದ್ದರು, ಎಷ್ಟು ಸಮಿತಿಗಳಿದ್ದವು, ವಿಭಾಗದಲ್ಲಿ ಎಷ್ಟು ಹುದ್ದೆ ಖಾಲಿ ಬಿದ್ದಿದ್ದವು ಎಂಬುದು ನಮಗೆ ಗೊತ್ತು. ಯು.ಜಿ.ಸಿ.ಯ 2016ರ ನಿಯಮಾವಳಿಯ ಪ್ರಕಾರ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ ಎಂಟು ಮಂದಿಗೆ, ಸಹ ಪ್ರಾಧ್ಯಾಪಕರು ಆರು ಮಂದಿಗೆ, ಸಹಾಯಕ ಪ್ರಾಧ್ಯಾಪಕರು ನಾಲ್ವರಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಬಹುದು. 2022ರ ನಿಯಮಾವಳಿಯೂ ಅದೇ ಸಂಖ್ಯೆಗಳನ್ನು ಇಟ್ಟುಕೊಂಡಿದೆ. ಎಂಟು ಮಂದಿಯ ತಲಾ ಮುನ್ನೂರು ಪುಟಗಳನ್ನು, ತಲಾ ಮೂರು ಸಲ ಗಂಭೀರವಾಗಿ ಓದುವುದೆಂದರೆ ಏಳು ಸಾವಿರ ಪುಟ ದಾಟುತ್ತದೆ. ಇದಕ್ಕೆ ಅವರ ಕೆಲಸದ ವೇಳಾಪಟ್ಟಿಯಲ್ಲಿ ಎಷ್ಟು ಗಂಟೆ ಕೊಟ್ಟಿದ್ದಾರೆ? ಎಷ್ಟು ಮಂದಿಗೆ ಪದವಿ ಕೊಡಿಸಿದರು ಎಂಬುದಕ್ಕೆ ಬಡ್ತಿಯಲ್ಲಿ ಅಂಕವಿದೆ. ಎಷ್ಟು ಕರಡು ಓದಿದರು ಎಂಬುದಕ್ಕೆ ಅಂಕವಿಲ್ಲ. ವ್ಯವಸ್ಥೆ ಯಾವುದನ್ನು ಎಣಿಸುತ್ತದೋ ಅದು ಮಾತ್ರ ನಡೆಯುತ್ತದೆ.

ಕಾಗದದ ಮೇಲೆ ಎಲ್ಲವೂ ಇದೆ. ಸಂಶೋಧನಾ ಸಲಹಾ ಸಮಿತಿ ಎಂಬುದೊಂದು ಇರಬೇಕು, ಸಂಶೋಧನಾರ್ಥಿ ಆರು ತಿಂಗಳಿಗೊಮ್ಮೆ ಅದರ ಮುಂದೆ ನಿಂತು ಕೆಲಸದ ಪ್ರಗತಿಯನ್ನು ಮಂಡಿಸಬೇಕು, ಸಮಿತಿ ದಾರಿ ತೋರಿಸಬೇಕು. ನಾವೂ ಆರು ತಿಂಗಳಿಗೊಮ್ಮೆ ನಿಂತೆವು. ಗೋಡಂಬಿ, ಬಿಸ್ಕತ್ತು, ಚಹಾ ತರಿಸಿದೆವು. ಪ್ರಗತಿ ತೃಪ್ತಿಕರ ಎಂದು ಮೊದಲೇ ಟೈಪ್ ಮಾಡಿಟ್ಟಿದ್ದ ಹಾಳೆಗೆ ಮೂರು ಸಹಿ ಬಿತ್ತು. ಅಷ್ಟೂ ವರ್ಷಗಳಲ್ಲಿ ಆ ಸಮಿತಿ ನಮ್ಮ ಒಂದು ಪ್ಯಾರಾವನ್ನೂ ಓದಿರಲಿಲ್ಲ. ತೃಪ್ತಿ ಮಾತ್ರ ಸದಾ ಇತ್ತು.

ಹಾಗಾದರೆ ನಮ್ಮ ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಯಾರೂ ಇಲ್ಲವೇ? ಒಬ್ಬನಿದ್ದಾನೆ. ವಿಶ್ವವಿದ್ಯಾಲಯದ ಗೇಟಿನೆದುರು ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡಿದ್ದ ಹುಡುಗ. ಪಿಯುಸಿಯಲ್ಲಿ ಓದು ಬಿಟ್ಟವನು. ಮಾನ್ಯ ವಿದ್ವಾಂಸರು ವೇದಿಕೆಯ ಮೇಲಿಂದ ಗೇಲಿ ಮಾಡಿದ್ದು ಇವನ ಅಂಗಡಿಯನ್ನೇ. ದುಡ್ಡಿಗೆ ಪ್ರಬಂಧ ಬರೆದುಕೊಡುವ ಅಂಗಡಿಗಳು ಇಲ್ಲವೆಂದು ನಾವು ವಾದಿಸುವುದಿಲ್ಲ. ಇವನು ಅಂಥವನಲ್ಲ. ಕೈಬರಹದ ಹಾಳೆಗಳನ್ನು ಟೈಪ್ ಮಾಡುತ್ತಿದ್ದ, ಒಂದು ಪುಟಕ್ಕೆ ಇಷ್ಟು ಎಂದು ತೆಗೆದುಕೊಳ್ಳುತ್ತಿದ್ದ, ಅಷ್ಟೆ. ಒಂದು ಸಂಜೆ ಪ್ರೂಫ್ ನೋಡಲು ಹೋದಾಗ ಕುರ್ಚಿ ತಿರುಗಿಸಿ ಕೇಳಿದ: 'ಅಕ್ಕಾ, ಬೇಜಾರಾಗ್ಬೇಡಿ. ಮೂರನೇ ಅಧ್ಯಾಯದಲ್ಲಿ ಈ ಹಾಡು ಹೆಂಗಸರು ಮಾತ್ರ ಹಾಡೋದು ಅಂತ ಬರ್ದಿದ್ದೀರಿ. ಐದರಲ್ಲಿ ಅದೇ ಹಾಡನ್ನ ಗಂಡಸರು ದಫ್ ಬಡಿದು ಹಾಡ್ತಾರೆ ಅಂತ ಇದೆ. ಯಾವುದನ್ನ ಇಡ್ಲಿ?'

ನಮಗೆ ಬಾಯಿ ಕಟ್ಟಿತು. ಎರಡೂ ನಿಜವಾಗಿತ್ತು. ಎರಡು ಬೇರೆ ಊರುಗಳಲ್ಲಿ, ಎರಡು ಬೇರೆ ವರ್ಷಗಳಲ್ಲಿ ಬರೆದುಕೊಂಡ ಟಿಪ್ಪಣಿಗಳು ಅವು. ಒಂದೇ ಹಾಡು ಹೆಂಗಸರ ಒಳಮನೆಯಿಂದ ಗಂಡಸರ ಚಪ್ಪರಕ್ಕೆ ಯಾವಾಗ ಹೋಯಿತು, ಹೋಗುವಾಗ ಅದರಲ್ಲಿ ಏನು ಉಳಿಯಿತು, ಏನು ಬಿಟ್ಟುಹೋಯಿತು? ನಮ್ಮ ಇಡೀ ಸಂಶೋಧನೆಯ ನಿಜವಾದ ಪ್ರಶ್ನೆ ಅದೇ ಆಗಿತ್ತು. ಅದು 312 ಪುಟಗಳ ಒಳಗೆ ಎರಡು ಕಡೆ ಹರಿದು ಬಿದ್ದಿತ್ತು, ನಾವೇ ನೋಡಿರಲಿಲ್ಲ. ಆ ರಾತ್ರಿ ಐದನೆಯ ಅಧ್ಯಾಯವನ್ನು ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದೆವು. ಇಂದು ನಮ್ಮ ಪ್ರಬಂಧದಲ್ಲಿ ಓದಲು ಯೋಗ್ಯವಾದ ಭಾಗ ಏನಾದರೂ ಇದ್ದರೆ ಅದು ಆ ಅಧ್ಯಾಯವೇ. ಕೃತಜ್ಞತೆಗಳ ಪುಟದಲ್ಲಿ ಕುಲಪತಿಗಳು, ಕುಲಸಚಿವರು, ವಿಭಾಗದ ಮುಖ್ಯಸ್ಥರು, ಗ್ರಂಥಪಾಲಕರು ಎಲ್ಲರ ಹೆಸರಿವೆ. ಆ ಹುಡುಗನಿಗೆ 'ಅಂದವಾಗಿ ಅಕ್ಷರ ಜೋಡಣೆ ಮಾಡಿಕೊಟ್ಟ' ಎಂದು ಕೊನೆಯ ಸಾಲು. ಈ ಲಜ್ಜೆಯನ್ನು ಇಲ್ಲಿ ಹೇಳಿಕೊಂಡು ಕಳೆಯಲು ಆಗದು, ಆದರೂ ಹೇಳುತ್ತಿದ್ದೇವೆ.

ಬರವಣಿಗೆ ಎಂದರೆ ಮರುಬರವಣಿಗೆ ಎಂಬುದು ಯಾರಿಗೂ ಹೊಸ ಸಂಗತಿಯಲ್ಲ. ಇಬ್ನ್ ಖಲ್ದೂನ್ ತನ್ನ 'ಮುಕದ್ದಿಮ'ದ ಮೊದಲ ಕರಡನ್ನು 1377ರಲ್ಲಿ, ಈಗಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿ ಕುಳಿತು ಐದೇ ತಿಂಗಳಲ್ಲಿ ಮುಗಿಸಿದನು. ಐದು ತಿಂಗಳು ಎಂಬ ಈ ಭಾಗವನ್ನೇ ಎಲ್ಲರೂ ಹೊಗಳುವುದು. ಆಮೇಲೆ ಅವನು ಟ್ಯುನಿಸ್‌ಗೆ ಹೋಗಿ ಗ್ರಂಥಗಳನ್ನು ನೋಡಿ, ಕೈರೋಗೆ ಹೋಗಿ ನ್ಯಾಯಾಧೀಶನಾಗಿ, ವರ್ಷಗಟ್ಟಲೆ ಅದನ್ನು ತಿದ್ದುತ್ತ, ಸೇರಿಸುತ್ತ ಹೋದ ಎಂಬುದನ್ನು ಹೇಳುವವರು ಕಡಿಮೆ. ನಮ್ಮ ಕಡೆಯೇ ನೋಡಿ. ಮಂಜೇಶ್ವರದ ಗೋವಿಂದ ಪೈ ಬಿ.ಎ. ಪದವಿಯನ್ನೂ ಪೂರ್ತಿ ಮಾಡಿಕೊಂಡವರಲ್ಲ. ಶಂಬಾ ಜೋಶಿ ಶಾಲಾ ಮಾಸ್ತರರಾಗಿದ್ದರು. ಅವರ ಬರಹಗಳಿಗೆ ಯಾರೂ ಗಡುವು ಹಾಕಿರಲಿಲ್ಲ, ಪುಟದ ಲೆಕ್ಕ ಕೇಳಿರಲಿಲ್ಲ. ಹಿರಿಯರು ಈ ಹೆಸರುಗಳನ್ನು ಹೇಳಿ ನಮ್ಮನ್ನು ಗದರುತ್ತಾರೆ. ಅವರ ಹಾಗೆ ಕೂತು ತಿದ್ದುವ ದಿನಗಳನ್ನು ನಮಗೂ ಕೊಡಿ ಎಂದು ನಾವು ಕೇಳಿದರೆ, ಅವಧಿ ಮುಗಿಯಿತು, ದಂಡ ಕಟ್ಟಿ ಎನ್ನುತ್ತಾರೆ.

ದಿನಗಳು ಎಂದರೆ ದುಡ್ಡು. ಮೊದಲ ಕರಡನ್ನು ಹಸಿದುಕೊಂಡು, ರಾತ್ರಿ ನಿದ್ದೆಗೆಟ್ಟು ಹೇಗೋ ಬರೆದು ಮುಗಿಸಬಹುದು. ಎರಡನೆಯ ಕರಡಿಗೆ ಹಗಲು ಬೇಕು, ಬೇರೆ ಕೆಲಸವಿಲ್ಲದ ಹಗಲು. ಜೆ.ಆರ್.ಎಫ್. ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37 ಸಾವಿರ ರೂಪಾಯಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದ ಪಿಎಚ್.ಡಿ. ವಿದ್ಯಾರ್ಥಿಗೆ ಎಂಟು ಸಾವಿರ. ಅದನ್ನೂ 2015ರಲ್ಲಿ ನಿಲ್ಲಿಸಲು ಹೊರಟಾಗ ವಿದ್ಯಾರ್ಥಿಗಳು ದೆಹಲಿಯ ಯು.ಜಿ.ಸಿ. ಕಚೇರಿಯ ಮುಂದೆ ಬಿಡಾರ ಹೂಡಬೇಕಾಯಿತು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಯಾವುದೂ ಸಿಗದವರ ಪಾಡು ಹೇಳುವುದೇ ಬೇಡ. ನಮ್ಮಲ್ಲೊಬ್ಬಳು ಕೊನೆಯ ಎರಡು ವರ್ಷ ಹಾಸ್ಟೆಲ್ ಬಿಟ್ಟು ಅತಿಥಿ ಉಪನ್ಯಾಸಕಿಯಾದಳು. ಅತಿಥಿ ಎನ್ನುತ್ತಾರೆ, ಸಂಬಳ ಮಾತ್ರ ಯಾವ ತಿಥಿಗೆ ಬರುತ್ತದೆಂದು ಹೇಳುವುದಿಲ್ಲ. ಬಸ್ಸಿನಲ್ಲಿ ಮೂರನೆಯ ಅಧ್ಯಾಯ ತಿದ್ದುತ್ತಿದ್ದಳು. ರಸ್ತೆಯ ಗುಂಡಿಗಳೆಲ್ಲ ಅವಳ ಅಕ್ಷರಗಳಲ್ಲಿ ಬಂದಿವೆ.

ಅಲ್ಪಸಂಖ್ಯಾತರಿಗೆಂದು 2009ರಲ್ಲಿ ಶುರುವಾದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿತು. ಬೇರೆ ಯೋಜನೆಗಳಲ್ಲೂ ಇವರಿಗೆ ಅವಕಾಶವಿದೆ, ಇದು ಅವುಗಳ ಮೇಲೆ ಹಾದುಹೋಗುತ್ತದೆ ಎಂಬುದು 2022ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಕೊಟ್ಟ ಕಾರಣ. ಒಬ್ಬರೇ ಎರಡು ಕಡೆ ಹಣ ಪಡೆಯುವುದು ತಪ್ಪೆಂದಾದರೆ ಒಂದು ಮುಚ್ಚಳಿಕೆ ಬರೆಸಿಕೊಂಡರೆ ಸಾಲದೇ? ಮುಚ್ಚಳಿಕೆಗೆ ಒಂದು ಹಾಳೆ ಸಾಕು, ಯೋಜನೆಯನ್ನೇ ಮುಚ್ಚಬೇಕಿಲ್ಲ. ಆ ವೇತನವನ್ನೇ ನಂಬಿಕೊಂಡು ನಮ್ಮ ಹಿಂದೆ ಬಂದ ಹುಡುಗಿಯೊಬ್ಬಳು ಈಗ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಅವಳ ನಾಲ್ಕು ಅಧ್ಯಾಯಗಳ ಮೊದಲ ಕರಡು ಒಂದು ಬಟ್ಟೆಯಂಗಡಿಯ ಚೀಲದಲ್ಲಿದೆ. ಹೈದರಾಬಾದಿನ ರೋಹಿತ್ ವೇಮುಲನನ್ನು ನಾವು ಮರೆತಿದ್ದೇವೆಯೇ? ತಿಂಗಳುಗಟ್ಟಲೆ ಫೆಲೋಶಿಪ್ ಸಿಗದೆ, ಹಾಸ್ಟೆಲಿನಿಂದ ಹೊರಹಾಕಿಸಿಕೊಂಡು, 2016ರ ಜನವರಿ 17ರಂದು ಹೋದ ಅವನು ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ. ಅವನ ಸಾವಿನ ಮೇಲೆ ಎಷ್ಟೊಂದು ಬರೆದಿದ್ದೇವೆ. ಅವನು ಬರೆಯಬೇಕಾಗಿದ್ದ ಪ್ರಬಂಧದ ಬಗ್ಗೆ ಯಾರು ಮಾತಾಡಿದ್ದಾರೆ?

ಇನ್ನು ಕೃತಿಚೌರ್ಯ ಪರೀಕ್ಷೆಯ ಪ್ರಹಸನ. 2018ರ ಯು.ಜಿ.ಸಿ. ನಿಯಮದಂತೆ ಹೋಲಿಕೆ ಶೇ. 10ರೊಳಗಿದ್ದರೆ ಸರಿ, 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿಕೊಡಬೇಕು, 40ರಿಂದ 60ರವರೆಗೆ ಒಂದು ವರ್ಷ ತಡೆ, 60 ಮೀರಿದರೆ ನೋಂದಣಿಯೇ ರದ್ದು. ಓದಲು ಬಹಳ ಕಟ್ಟುನಿಟ್ಟಾಗಿದೆ. ಕನ್ನಡ ಪ್ರಬಂಧಗಳು ಬಹುಕಾಲ ಟೈಪ್ ಆದದ್ದು ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ. ಯುನಿಕೋಡ್ ಅಲ್ಲದ ಆ ಅಕ್ಷರ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಗಜಿಬಿಜಿ. ಅದರ ಪ್ರಕಾರ ಹಳೆಯ ಪ್ರಬಂಧದಿಂದ ಎಪ್ಪತ್ತು ಪುಟ ಎತ್ತಿ ಯುನಿಕೋಡಿಗೆ ಇಳಿಸಿದವನೂ ಸ್ವಂತ ಬರೆದವನೇ. ನಮ್ಮ ಎರಡನೆಯ ಅಧ್ಯಾಯವನ್ನು ಯಂತ್ರ ಮುಟ್ಟಲೇ ಇಲ್ಲ. ಬದಲಿಗೆ, ಪ್ರಮಾಣಪತ್ರದ ಪುಟದಲ್ಲಿ ವಿಶ್ವವಿದ್ಯಾಲಯವೇ ಬರೆದುಕೊಟ್ಟ 'ಈ ಪ್ರಬಂಧವು ನನ್ನ ಸ್ವಂತ ಅಧ್ಯಯನದ ಫಲ' ಎಂಬ ವಾಕ್ಯವನ್ನು ನಕಲು ಎಂದು ಹಿಡಿದು ಕೆಂಪು ಬಳಿದಿತ್ತು. ಕಾನೂನಿಗೆ ಒಮ್ಮೊಮ್ಮೆ ಹಾಸ್ಯಪ್ರಜ್ಞೆ ಇರುತ್ತದೆ.

ಇಷ್ಟು ಹೊತ್ತು ಹೊರಗಿನವರನ್ನು ಬೈದೆವು. ಮನೆಯೊಳಗಿನವರನ್ನು ಬಿಟ್ಟರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಸಮುದಾಯದಲ್ಲಿ ಹೆಣ್ಣೊಬ್ಬಳು ಡಾಕ್ಟರೇಟ್ ಪಡೆದ ಸುದ್ದಿ ಬಂದ ಮರುದಿನ ಪೇಟೆಯಲ್ಲಿ ಫ್ಲೆಕ್ಸ್ ನಿಲ್ಲುತ್ತದೆ. ಶಾಲು, ಫಲಪುಷ್ಪ, ಸ್ಮರಣಿಕೆ, ಮೂರು ಭಾಷಣ. ಅವೇ ಮುಖಂಡರು ನಾಲ್ಕು ವರ್ಷ ಹಿಂದೆ ಅದೇ ಹುಡುಗಿಯ ತಂದೆಯನ್ನು ಮಸೀದಿಯ ಅಂಗಳದಲ್ಲಿ ನಿಲ್ಲಿಸಿ 'ಇನ್ನೂ ಎಷ್ಟು ಓದಿಸುವುದು? ವಯಸ್ಸಾಗಲಿಲ್ಲವೇ?' ಎಂದು ಕೇಳಿದವರು. ಮದುವೆಯ ಹಾಲಿಗೆ ಲಕ್ಷ ಸುರಿಯುವ ನಮ್ಮವರಿಗೆ, ತಾಲೂಕಿಗೊಂದು ಕೋಣೆ, ನಾಲ್ಕು ಮೇಜು, ಒಂದು ಫ್ಯಾನು ಕೊಟ್ಟು 'ಇಲ್ಲಿ ಕೂತು ಬರೆಯಿರಿ' ಎನ್ನುವುದು ತೋಚಿಲ್ಲ. 2016ರ ನಿಯಮ ಹೆಂಗಸರಿಗೆ ಎರಡು ವರ್ಷ ಹೆಚ್ಚಿನ ಅವಧಿಯನ್ನೂ 240 ದಿನಗಳ ಹೆರಿಗೆ, ಶಿಶುಪಾಲನೆಯ ರಜೆಯನ್ನೂ ಕೊಟ್ಟಿದೆ. ಈ ಮಟ್ಟಿಗೆ ಯು.ಜಿ.ಸಿ.ಗೆ ಇರುವ ವಿವೇಕ ನಮ್ಮ ಅತ್ತೆ ಮಾವಂದಿರಿಗೆ ಇಲ್ಲ. ನಮ್ಮಲ್ಲಿ ಮಗ್ಗದ ಮನೆಯವಳು ಬಸುರಿಯಾಗಿದ್ದಾಗ ನಾಲ್ಕನೆಯ ಅಧ್ಯಾಯವನ್ನು ಅಡುಗೆಮನೆಯ ಅಕ್ಕಿ ಡಬ್ಬದ ಮೇಲಿಟ್ಟು ಬರೆದಳು. ಇದನ್ನು ಸಾಹಸಗಾಥೆ ಎಂದು ದಯವಿಟ್ಟು ಹೊಗಳಬೇಡಿ. ಹೊಗಳುವುದರಿಂದಲೇ ಮೇಜು ಬರುವುದು ತಡವಾಗುತ್ತಿದೆ.

ಎಲ್ಲಕ್ಕಿಂತ ಕಷ್ಟದ್ದು ಎರಡೇ ಎರಡು ಪುಟ. ಹಾಡು ಹೇಳಿದ ಮುದುಕಿಯರಲ್ಲಿ ಒಬ್ಬರು, ತಮ್ಮ ಊರಲ್ಲಿ ಹೆಂಗಸರ ಹಾಡು ನಿಂತದ್ದು ಹೇಗೆ ಎಂದು ವಿವರಿಸಿದ್ದರು. ಒಂದು ಮತಪ್ರಸಂಗದಲ್ಲಿ, ಹೆಂಗಸರ ದನಿ ಚಪ್ಪರ ದಾಟಿ ಕೇಳುವುದು ಸರಿಯಲ್ಲ ಎಂದು ಹೊರಗಿನಿಂದ ಬಂದ ಭಾಷಣಕಾರರು ಹೇಳಿದರು. ಅಜ್ಜಿಯ ಬಳಿ ಹಾಡುಗಳನ್ನು ಬರೆದಿಟ್ಟ ಹಳೆಯ ಪುಸ್ತಕವೊಂದಿತ್ತು, ಅರಬಿಮಲಯಾಳದಲ್ಲಿ. ಅಕ್ಷರ ಅರಬಿಯದ್ದಾದುದರಿಂದ ಸುಡಲು ಮನಸ್ಸು ಬರಲಿಲ್ಲ. ಹೊಳೆಗೆ ಬಿಟ್ಟರು. ಅದೇ ಅಜ್ಜಿ ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಿದ್ದರು: ಮದುವೆಗಳು ಮನೆಯಂಗಳದಿಂದ ಹಾಲಿಗೆ ಹೋದವು, ಮೈಕಿನ ಹಾಡು ಬಂತು, ಸೊಸೆಯಂದಿರಿಗೆ ಹಳೆಯ ಹಾಡು ನಾಚಿಕೆಯಾಯಿತು, ಪುಸ್ತಕ ಇದ್ದಿದ್ದರೂ ಹಾಡುವವರು ಯಾರಿದ್ದರು?

ಈ ಎರಡು ಪುಟಗಳನ್ನು ಓದಿದ ಮಾರ್ಗದರ್ಶಕರು, ಹೌದು, ಇದೊಂದನ್ನು ಓದಿದರು, ಕಣ್ಣರಳಿಸಿದರು. 'ಇದನ್ನೇ ಬೆಳೆಸಿ. ಮತಾಂಧತೆ ಮತ್ತು ಸ್ತ್ರೀ ಎಂದು ಒಂದು ಅಧ್ಯಾಯವನ್ನೇ ಮಾಡಿ. ಸ್ವಲ್ಪ ಖಾರವಾಗಿರಲಿ' ಎಂದರು. ಮೈಕಿನ ವಿಚಾರ ಅವರಿಗೆ ಬೇಡವಾಯಿತು. ಅತ್ತ ಮನೆಯಲ್ಲಿ ಸೋದರಮಾವ, ಪ್ರೂಫ್ ಹಾಳೆಗಳನ್ನು ಬೆಳಕಿಗೆ ಹಿಡಿದು ಓದಿ, 'ಮಗಳೇ, ಸುಳ್ಳೆಂದು ನಾನು ಹೇಳುವುದಿಲ್ಲ. ಈಗಿನ ದಿನಗಳಲ್ಲಿ ಇದು ಅವರ ಕೈಗೆ ಸಿಕ್ಕಿದರೆ?' ಎಂದರು. ಅದು 2022ರ ಫೆಬ್ರವರಿ. ಉಡುಪಿ, ಕುಂದಾಪುರಗಳ ಕಾಲೇಜು ಗೇಟುಗಳ ಮುಂದೆ ತಲೆವಸ್ತ್ರ ತೊಟ್ಟ ಹೆಣ್ಣುಮಕ್ಕಳನ್ನು ನಿಲ್ಲಿಸಿದ್ದ ದಿನಗಳು. ಮಾವನ ಭಯವನ್ನು ಪುರುಷಾಧಿಪತ್ಯ ಎಂದು ಒಂದೇ ಶಬ್ದದಲ್ಲಿ ಒಗೆದುಬಿಡುವಷ್ಟು ಸುಲಭವಾಗಿ ನಾವು ಬದುಕುತ್ತಿರಲಿಲ್ಲ. ಒಬ್ಬರಿಗೆ ಅಜ್ಜಿಯ ಅರ್ಧ ಮಾತು ಬೇಕು, ಇನ್ನೊಬ್ಬರಿಗೆ ಆ ಅರ್ಧವೇ ಬೇಡ. ಇಡೀ ಮಾತನ್ನು ಕೇಳುವವರು ಇಬ್ಬರಲ್ಲಿಯೂ ಇಲ್ಲ. ಅಜ್ಜಿ ಯಾರ ಪರವಾಗಿಯೂ ಸಾಕ್ಷಿ ಹೇಳಿರಲಿಲ್ಲ, ತನ್ನ ಹಾಡು ಹೋದ ದುಃಖವನ್ನಷ್ಟೇ ಹೇಳಿದ್ದಳು.

ಸಂಶೋಧನೆಯಲ್ಲಿ ಕಂಡದ್ದನ್ನು ಬರೆದುದಕ್ಕೆ ಬೆಲೆ ತೆತ್ತವರು ಈ ನಾಡಿನಲ್ಲಿ ಇದ್ದಾರೆ. 'ಮಾರ್ಗ'ದ ಬರಹಗಳಿಗಾಗಿ 1989ರಲ್ಲಿ ಎಂ.ಎಂ. ಕಲಬುರ್ಗಿಯವರು ಒತ್ತಡಕ್ಕೆ ಸಿಲುಕಿ ತಮ್ಮ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡು ಹಾರಿತು. ಅಂಥವರ ಹೆಸರಿನ ಪಕ್ಕ ನಮ್ಮ ಎರಡು ಪುಟಗಳನ್ನು ಇಡುವುದು ಅಹಂಕಾರ, ಗೊತ್ತಿದೆ. ಆದರೆ ಒಂದು ಪ್ಯಾರಾವನ್ನು ಹೊಡೆದುಹಾಕುವಾಗ ಕೈ ಹೇಗೆ ನಡುಗುತ್ತದೆ ಎಂಬುದು ನಮಗೂ ಗೊತ್ತಾಯಿತು. ಆ ಎರಡು ಪುಟಗಳನ್ನು ನಾವು ಒಂಬತ್ತು ಸಲ ಬರೆದೆವು. ಕೊನೆಗೆ ಅಂಜಿದೆವು. ಖಾರದ ಅಧ್ಯಾಯವನ್ನೂ ಮಾಡಲಿಲ್ಲ, ಪೂರ್ತಿ ತೆಗೆಯಲೂ ಇಲ್ಲ. ಐದನೆಯ ಅಧ್ಯಾಯದ ಕೊನೆಯಲ್ಲಿ ಚಿಕ್ಕ ಅಕ್ಷರದ ಅಡಿಟಿಪ್ಪಣಿಗೆ ಇಳಿಸಿದೆವು. ಅಡಿಟಿಪ್ಪಣಿಯನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯ.

ಓದಲಿಲ್ಲ ಕೂಡ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಉಪಸಂಹಾರದಿಂದ ಎರಡು ಪ್ರಶ್ನೆ ಕೇಳಿದರು, ಬ್ಯಾರಿ ಭಾಷೆಗೆ ಲಿಪಿ ಇದೆಯೇ ಎಂದು ಒಂದು ಕೇಳಿದರು, ಪ್ರಬಂಧ ಅಚ್ಚುಕಟ್ಟಾಗಿದೆ, ಪ್ರಕಟಣೆಗೆ ಯೋಗ್ಯ ಎಂದರು. ಊಟದ ಖರ್ಚು ನಮ್ಮದೇ. ಮೂರು ಪ್ರತಿಗಳಲ್ಲಿ ಒಂದು ಗ್ರಂಥಾಲಯಕ್ಕೆ, ಒಂದು ವಿಭಾಗಕ್ಕೆ, ಒಂದು ಮಾರ್ಗದರ್ಶಕರಿಗೆ ಹೋಯಿತು, ಸಿ.ಡಿ. ಗಾಂಧಿನಗರದ ಶೋಧಗಂಗೆಗೆ.

ನಾವು ಕೇಳುವುದು ದೊಡ್ಡದೇನಲ್ಲ. ಸಲಹಾ ಸಮಿತಿ ಸಹಿ ಹಾಕುವ ಮೊದಲು ಒಂದು ಅಧ್ಯಾಯವನ್ನಾದರೂ ಓದಿ, ಓದಿದ್ದೇವೆ ಎಂಬುದಕ್ಕೆ ಒಂದು ಪುಟ ಬರೆದುಕೊಡಲಿ. ಕೊಟ್ಟ ಕರಡು ಎರಡು ತಿಂಗಳೊಳಗೆ ಹಿಂದೆ ಬರಲಿ. ಕೋರ್ಸ್‌ವರ್ಕಿನಲ್ಲಿ ಅಲ್ಪವಿರಾಮದ ಪಾಠವನ್ನು ಸ್ವಲ್ಪ ಕಡಿಮೆ ಮಾಡಿ ಒಬ್ಬರ ಬರಹವನ್ನು ಇನ್ನೊಬ್ಬರು ಓದಿ ತಿದ್ದುವುದನ್ನು ಕಲಿಸಲಿ. ನಾವು ಮೂವರು ಮಂಚದಿಂದ ಮಂಚಕ್ಕೆ ಹಾಳೆ ದಾಟಿಸಿಕೊಂಡು ಅದನ್ನೇ ಮಾಡಿದ್ದು, ಕಲಿತದ್ದೇನಾದರೂ ಇದ್ದರೆ ಅಲ್ಲೇ. ಕುಮಾರವ್ಯಾಸನನ್ನು ಕೇಳಿ ಬಂದವಳಿಗೆ ಕುಮಾರವ್ಯಾಸನನ್ನೇ ಕೊಡಲಿ. ವೇತನ ಕೊಡುವುದಾದರೆ ತಿಂಗಳು ತಿಂಗಳು ಕೊಡಲಿ. ಇಷ್ಟನ್ನು ಮಾಡಿದ ಮೇಲೆಯೂ ಪ್ರಬಂಧ ಕಳಪೆಯಾದರೆ ತೂಕಕ್ಕೆ ಹಾಕಿ, ನಾವೇ ತಕ್ಕಡಿ ಹಿಡಿಯುತ್ತೇವೆ.

ಪ್ರಬಂಧ ಈಗ ಪುಸ್ತಕವಾಗಬೇಕಿದೆ. ಪ್ರಕಾಶಕರು 180 ಪುಟಕ್ಕೆ ಇಳಿಸಿಕೊಡಿ ಎಂದಿದ್ದಾರೆ. ಅರೇಬಿಯಾದಿಂದ ಮಂಗಳೂರಿನವರೆಗಿನ ಎಪ್ಪತ್ತು ಪುಟ ಮೊದಲ ದಿನವೇ ಹೋಯಿತು, ಒಂದು ತೊಟ್ಟು ಕಣ್ಣೀರೂ ಬರಲಿಲ್ಲ. ಹೊಳೆಗೆ ಬಿಟ್ಟ ಪುಸ್ತಕದ ಆ ಟಿಪ್ಪಣಿಯನ್ನು ಮೇಲಕ್ಕೆ ತಂದು, ಮೈಕಿನ ಮಾತನ್ನೂ ಸೇರಿಸಿ, ಐದನೆಯ ಅಧ್ಯಾಯದ ಮೊದಲಲ್ಲೇ ಇಟ್ಟಿದ್ದೇವೆ. ಇದು ಹತ್ತನೆಯ ಸಲ. ಅಜ್ಜಿ ಈಗಿಲ್ಲ. ಮಾವನಿಗೆ ಹಾಳೆಗಳನ್ನು ಕಳಿಸಿ ಮೂರು ವಾರವಾಯಿತು, ಇನ್ನೂ ಉತ್ತರ ಬಂದಿಲ್ಲ. ಗೇಟಿನೆದುರಿನ ಹುಡುಗನಿಗೂ ಒಂದು ಪ್ರತಿ ಕಳಿಸಿದ್ದೇವೆ. ಅವನು ಓದುತ್ತಿದ್ದಾನಂತೆ.